ಹಬ್ಬದ ದಿನದ ನೀರಿನ ಮಟ್ಟ

ಕೇಬಲ್ ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದರೂ ಕಂಪ್ಯೂಟರ್ ಉತ್ತರ ಕೊಟ್ಟಿತು.

ವನಿತಾ ಒಮ್ಮೆ ಕೇಬಲನ್ನು ನೋಡಿದಳು, ಒಮ್ಮೆ ಪರದೆಯನ್ನು ನೋಡಿದಳು. ಸೇತುವೆಯ ಕಂಬಕ್ಕೆ ಕಟ್ಟಿದ ಅಳತೆಯಂತ್ರದಿಂದ ಹೊಳೆಯ ಸುದ್ದಿ ಬರುವುದು ಇದೊಂದೇ ಕೇಬಲಿನಲ್ಲಿ. ಇದನ್ನು ಕಿತ್ತ ಮೇಲೆ ಹೊಳೆಗೂ ಈ ಕೋಣೆಗೂ ಯಾವ ಸಂಬಂಧವೂ ಉಳಿಯುವುದಿಲ್ಲ. ಆದರೂ ಅವಳು 'ಮಟ್ಟ' ಎಂದು ಟೈಪ್ ಮಾಡಿ ಎಂಟರ್ ಒತ್ತಿದ ಕೂಡಲೇ ಕಪ್ಪು ವಿಂಡೋದಲ್ಲಿ ಬಿಳಿ ಅಕ್ಷರಗಳು ಸಲೀಸಾಗಿ ಮೂಡಿದವು. ಇವತ್ತಿನ ತಾರೀಕು, ಈಗಿನ ಗಂಟೆ, ಕಪಿಲೆಯ ನೀರು ಸಾಮಾನ್ಯ.

ಸಾಮಾನ್ಯವಂತೆ! ಆ ಮಾತನ್ನು ನಂಬಿದ್ದಕ್ಕೇ ಒಂದು ಜೀವ ಹೋಗಿತ್ತು. ನಾಲ್ಕಾರು ದಿನದ ಹಿಂದೆ ಹೆಮ್ಮಿಗೆಯ ಚಿಕ್ಕಮಾದಮ್ಮ ಬೆಳಿಗ್ಗೆ ಹೊಳೆಯಂಚಿನ ಜಮೀನಿನಿಂದ ಎಮ್ಮೆ ಬಿಚ್ಚಿಕೊಂಡು ಬರಲು ಹೋದವಳು ನೀರುಪಾಲಾಗಿದ್ದಳು. ಹಿಂದಿನ ರಾತ್ರಿ ಈ ಕುರ್ಚಿಯಲ್ಲಿ ಪಾಳಿ ಮಾಡಿದ್ದ ಶಿವು, ನಿದ್ದೆ ಹೊಡೆದು ಎಚ್ಚರಿಕೆ ಕಳಿಸಲಿಲ್ಲ ಎಂಬ ಆರೋಪ ಹೊತ್ತು ನಂಜನಗೂಡಿನ ಠಾಣೆಯಲ್ಲಿದ್ದ. ನಾಳೆ ಕೋರ್ಟಿಗೆ ಹಾಜರುಪಡಿಸುತ್ತಾರೆ. ಏನು ಕೇಳಿದರೂ ಅವನದು ಒಂದೇ ಉತ್ತರ: "ತಪ್ಪು ನಂದೇ ಸಾ."

ಶಿವುವಿನ ತಾಯಿ ರಾಮಮ್ಮ ಮಾತ್ರ ಅದನ್ನು ಒಪ್ಪಿರಲಿಲ್ಲ. ವನಿತಾಳ ಬಾಗಿಲಿಗೆ ಬಂದು, "ನನ್ನ ಮಗ ಒದ್ರೂ ಮಲಗೋನಲ್ಲ ಕಣವ್ವಾ, ಪಾಳಿ ದಿವ್ಸ ಕಣ್ಣಿಗೆ ಎಣ್ಣೆ ಬುಟ್ಕೊಂಡು ಕೂತಿರೋನು" ಎಂದು ಅತ್ತಿದ್ದಳು. ತಾಯಂದಿರು ಹೇಳುವುದೇ ಹೀಗೆ ಎಂದು ವನಿತಾ ಆವತ್ತು ಅಂದುಕೊಂಡಿದ್ದಳು. ಕೇಬಲ್ ಕೈಯಲ್ಲಿದ್ದ ಈ ಹೊತ್ತಿನಲ್ಲಿ ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು.

"ಏನಾದ್ರೂ ಸಿಕ್ತಾ ವನಿತಾ?"

ಕೇಳಿದವರು ಮಹಾದೇವಸ್ವಾಮಿ. ಕಿಟಕಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮಡಿಲಿನ ಪೊಟ್ಟಣದಿಂದ ಕಡಲೆಕಾಯಿ ಸುಲಿಯುತ್ತಿದ್ದರು. ಈ ಎಚ್ಚರಿಕೆ ಕೇಂದ್ರ ಅವರ ಕೂಸು. ಪಾಲಿಟೆಕ್ನಿಕ್ಕಿನಿಂದ ನಿವೃತ್ತಿಯಾದ ಮೇಲೆ, ಸಂಬಳ ಕೇಳದೆ, ರೈತರ ಒಕ್ಕೂಟಕ್ಕಾಗಿ ಕಟ್ಟಿಕೊಟ್ಟದ್ದು. ಕೇಂದ್ರವೆಂದರೆ ದೊಡ್ಡದೇನಲ್ಲ. ನಂಜನಗೂಡಿನ ಗೊಬ್ಬರದ ಅಂಗಡಿಯ ಮಾಳಿಗೆಯಲ್ಲೊಂದು ಕೋಣೆ, ಒಂದು ಕಂಪ್ಯೂಟರ್, ಪಾಳಿಯ ಮೇಲೆ ಕೂರುವ ನಾಲ್ಕು ಜನ. ಹೊಳೆ ಏರಿದರೆ ತಿ. ನರಸೀಪುರದ ಸಂಗಮ ದಾಟಿ ಹೆಮ್ಮಿಗೆಯವರೆಗಿನ ರೈತರ ಮೊಬೈಲಿಗೆ ಸಂದೇಶ ಕಳಿಸಬೇಕು. ಇಲ್ಲಿ ಏರಿದ ನೀರು ಅಲ್ಲಿಗೆ ಮುಟ್ಟಲು ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಜನರ ಕೈಗೆ ಕೊಡುವುದೇ ಕೇಂದ್ರದ ಕೆಲಸ.

ಶಿವುವಿಗೆ ಕೆಲಸ ಕಲಿಸಿದವರು ಅವರೇ, ವನಿತಾಳಿಗೂ ಅವರೇ ಗುರುಗಳು. ಪೊಲೀಸ್ ಇಲಾಖೆಯ ಸೈಬರ್ ವಿಭಾಗದಲ್ಲಿ ಅವಳು ಗಳಿಸಿದ ಹೆಸರಿನಲ್ಲಿ, ಆಮೇಲೆ ಕೆಲಸ ಬಿಟ್ಟು ಪತ್ತೇದಾರಿಯೆಂದು ಬೋರ್ಡು ಹಾಕಿಕೊಂಡ ಧೈರ್ಯದಲ್ಲಿ ಅರ್ಧ ಪಾಲು ಅವರದು. ಅದಕ್ಕೇ ಪೊಲೀಸರಿಂದ ಕೋಣೆಯ ಬೀಗ ತೆಗೆಸುವಾಗ, "ನಾನೂ ಬರ್ಲಾ, ಸಿಸ್ಟಮ್ ನಂದಲ್ವಾ" ಎಂದು ಅವರು ಕೇಳಿದಾಗ ಅವಳಿಗೆ ಆನೆಬಲ ಬಂದಿತ್ತು.

"ಕೇಬಲ್ ಇಲ್ದೇನೂ ಉತ್ತರ ಕೊಡ್ತಾ ಇದೆ ಸಾರ್."

ಕಡಲೆಕಾಯಿ ಸುಲಿಯುವ ಸದ್ದು ನಿಂತಿತು.

"ಹಳೇದು ಯಾವ್ದೋ ತೋರಿಸ್ತಿರ್ಬೇಕು."

"ಹಳೇದಾದ್ರೆ ಹಳೇ ತಾರೀಕು ಇರ್ಬೇಕಿತ್ತಲ್ಲ? ತಾರೀಕು, ಗಂಟೆ ಹೊಸದು. ನೀರು ಮಾತ್ರ ಹಳೇದು."

ವನಿತಾ ಆ ವಿಂಡೋವನ್ನು ಮುಟ್ಟದೆ, ಪಕ್ಕದಲ್ಲೇ ಇನ್ನೊಂದನ್ನು ತೆರೆದಳು. ಅದರಲ್ಲೂ 'ಮಟ್ಟ' ಎಂದು ಟೈಪ್ ಮಾಡಿದಳು. ಹೊಸ ವಿಂಡೋ ಕೊಂಚ ಯೋಚಿಸಿ, ಪ್ರಾಮಾಣಿಕವಾಗಿ ಹೇಳಿತು: ಅಳತೆಯಂತ್ರದ ಸಂಪರ್ಕವಿಲ್ಲ.

ಒಂದೇ ಕಂಪ್ಯೂಟರು, ಒಂದೇ ಆಜ್ಞೆ, ಎರಡು ಉತ್ತರ. ವನಿತಾಳ ಬೆನ್ನು ನೆಟ್ಟಗಾಯಿತು.

ಪೊಲೀಸರ ಕಡೆಯ ಪರಿಣತನೊಬ್ಬ ಮೊನ್ನೆಯೇ ಬಂದು ಇದೇ ಕುರ್ಚಿಯಲ್ಲಿ ಕೂತು ಹೋಗಿದ್ದ. 'ವಿಚ್' ಎಂಬ ಆಜ್ಞೆ ಕೊಟ್ಟು, 'ಮಟ್ಟ' ಎಂಬ ಪ್ರೋಗ್ರಾಮ್ ಎಲ್ಲಿದೆಯೆಂದು ಹುಡುಕಿ, ಅದನ್ನು ಸಾಲುಸಾಲಾಗಿ ಓದಿ, ದೋಷವಿಲ್ಲವೆಂದು ವರದಿ ಬರೆದಿದ್ದ. ವರದಿಯೇನೋ ಸರಿಯೇ. ಪ್ರೋಗ್ರಾಮಿನಲ್ಲಿ ದೋಷ ಇರಲಿಲ್ಲ. ಉತ್ತರ ಕೊಡುತ್ತಿರುವುದು ಆ ಪ್ರೋಗ್ರಾಮೇ ಹೌದೋ ಅಲ್ಲವೋ ಎಂದು ಅವನು ಕೇಳಿರಲಿಲ್ಲ ಅಷ್ಟೆ.

ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಮಹಾದೇವಸ್ವಾಮಿ ಕಲಿಸಿದ ಮೊದಲ ಪಾಠವೇ ಅದು. ಶೆಲ್ ಎಂದರೆ ನಾವು ಟೈಪ್ ಮಾಡಿದ್ದನ್ನು ಓದಿ ಕೆಲಸ ಮಾಡಿಸುವ ಮೇಸ್ತ್ರಿ. ಆಜ್ಞೆಯ ಹೆಸರಿನದೇ ಇನ್ನೊಂದು ಚಿಕ್ಕ ಫಂಕ್ಷನ್ ಅನ್ನು, ಅಂದರೆ ನಾಲ್ಕಾರು ಸಾಲಿನ ಸೂಚನೆಯನ್ನು, ಯಾರಾದರೂ ಆ ಮೇಸ್ತ್ರಿಯ ಕಿವಿಯಲ್ಲಿ ಊದಿದ್ದರೆ, ಅವನು ನಿಜವಾದ ಪ್ರೋಗ್ರಾಮಿನ ಹತ್ತಿರ ಹೋಗುವುದೇ ಇಲ್ಲ, ಊದಿದ್ದನ್ನೇ ಒಪ್ಪಿಸುತ್ತಾನೆ. "ಉತ್ತರ ವಿಚಿತ್ರವಾಗಿದ್ರೆ ಉತ್ತರ ಓದ್ಬೇಡಿ, ಯಾರು ಕೊಡ್ತಿದ್ದಾರೆ ಅಂತ ಮೊದ್ಲು ಕೇಳಿ" ಎನ್ನುತ್ತಿದ್ದರು.

ವನಿತಾ ಹಳೆಯ ವಿಂಡೋಗೆ ಮರಳಿ ಕೇಳಿದಳು. 'ಟೈಪ್' ಎಂಬ ಆಜ್ಞೆ, ಅದರ ಮುಂದೆ ಎಲ್ಲವನ್ನೂ ತೋರಿಸು ಎನ್ನುವ ಗೆರೆಯೂ 'ಎ' ಅಕ್ಷರವೂ, ಆಮೇಲೆ 'ಮಟ್ಟ'.

ಪರದೆ ಸಾಲುಗಳನ್ನು ಉದುರಿಸಿತು. ಮಟ್ಟ ಎಂಬುದು ಒಂದು ಫಂಕ್ಷನ್. ಅದರ ಕೆಳಗೆ ಅದರ ಒಡಲು. ಇವತ್ತಿನ ತಾರೀಕು ಬರೆ, ಗಂಟೆ ಬರೆ, ನೀರು ಸಾಮಾನ್ಯ ಎಂದು ಬರೆ. ಅಳತೆಯಂತ್ರದ ಸುದ್ದಿಯೇ ಅದರಲ್ಲಿಲ್ಲ. ಎಲ್ಲಕ್ಕಿಂತ ಕೊನೆಯಲ್ಲಿ, ನಿಜವಾದ ಪ್ರೋಗ್ರಾಮಿನ ವಿಳಾಸ, ಯಾರೂ ಕೇಳದ ಸಾಕ್ಷಿಯಾಗಿ ಕೂತಿತ್ತು.

ಫಂಕ್ಷನ್ನಿನ ನಡುವೆ ತಾರೀಕನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ಒಂದು ಹೆಸರು ಕೊಟ್ಟಿದ್ದರು. ಬೇರೆಯವರಾದರೆ ಟೆಂಪ್ ಎನ್ನುತ್ತಾರೆ, ಎಕ್ಸ್ ಎನ್ನುತ್ತಾರೆ. ಇಲ್ಲಿದ್ದ ಹೆಸರು ರಸಬಾಳೆ.

ವನಿತಾ ಆ ಹೆಸರನ್ನು ಮತ್ತೊಮ್ಮೆ ಓದಿದಳು.

ಆ ತಮಾಷೆ ಗೊತ್ತಿಲ್ಲದ ವಿದ್ಯಾರ್ಥಿಯೇ ಇಲ್ಲ. "ತಾತ್ಕಾಲಿಕ ಅಂದ್ರೆ ನಮ್ಮೂರಿನ ರಸಬಾಳೆ ಇದ್ದ ಹಾಗೆ ಕಣ್ರಯ್ಯಾ, ಬೇಗ ತಿಂದು ಸಿಪ್ಪೆ ಎಸೀಬೇಕು, ಇಟ್ಕೊಂಡ್ರೆ ಕೊಳೆಯುತ್ತೆ" ಎಂದು ಇಡೀ ತರಗತಿಯನ್ನು ನಗಿಸುತ್ತಿದ್ದವರು ಇದೇ ಕೋಣೆಯಲ್ಲಿ, ಅವಳ ಬೆನ್ನ ಹಿಂದೆ ಕೂತಿದ್ದರು. ಅವಳು ಎಷ್ಟೋ ಕೇಸುಗಳಲ್ಲಿ ಕಳ್ಳ ಸಿಕ್ಕಾಗ ಖುಷಿಪಟ್ಟವಳು. ಇವತ್ತು ಯಾರಾದರೂ ಬಂದು ಈ ಪರದೆಯನ್ನು ಒರೆಸಿ ಹಾಕಿದರೆ ಸಾಕಪ್ಪಾ ಅನ್ನಿಸಿತು.

ಅನ್ನಿಸಿದ್ದು ಒಂದೇ ಗಳಿಗೆ. ಠಾಣೆಯಲ್ಲಿ ಕೂತಿದ್ದ ಶಿವು ನೆನಪಾದ. ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದುಕೊಂಡು, ಸಬ್ ಇನ್ಸ್‌ಪೆಕ್ಟರ್ ಮಹೇಂದ್ರನಿಗೆ ಫೋನ್ ಮಾಡಿದಳು.

"ಶಿವು ಮಲಗಿರ್ಲಿಲ್ಲ ಮಹೇಂದ್ರ. ಕಂಪ್ಯೂಟರೇ ಸುಳ್ಳು ಹೇಳ್ತಿತ್ತು. ನನ್ ಕಣ್ಣೆದುರೇ ಈಗ್ಲೂ ಹೇಳ್ತಾ ಇದೆ. ಫೋಟೋ ಕಳಿಸ್ತೀನಿ."

"ಫೋಟೋ ಇಟ್ಕೊಂಡು ಏನ್ ಮಾಡ್ಲಿ ಮೇಡಂ? ನೀವು ಶಿವು ಕಡೆಯವ್ರು. ಅದನ್ನ ನೀವೇ ಟೈಪ್ ಮಾಡಿದ್ದೀರಿ ಅಂತ ನಾಳೆ ವಕೀಲ್ರು ಕೇಳಲ್ವಾ?" ಮಹೇಂದ್ರ ಕೆಟ್ಟವನಲ್ಲ, ಆದರೆ ಮುಗಿದ ಕೇಸನ್ನು ಮತ್ತೆ ಬಿಚ್ಚುವುದೆಂದರೆ ಅವನಿಗೆ ಹಲ್ಲುನೋವು. "ಅದನ್ನ ಹಾಗೇ ಬಿಟ್ಟಿರಿ. ನಾನೇ ಪಂಚರನ್ನ ಕರ್ಕೊಂಡು ಬರ್ತೀನಿ, ಅವ್ರ ಮುಂದೆ ಅದು ಸುಳ್ಳು ಹೇಳ್ಲಿ, ಮಹಜರು ಬರೀತೀನಿ. ಬೆಟ್ಟಯ್ಯ ಇಲ್ಲೇ ಠಾಣೇಲಿ ಕೂತವ್ನೆ. ಅವನನ್ನೂ ಕರ್ಕೊಂಡ್ ಬರ್ತೀನಿ. ಹೆಂಡ್ತಿ ಯಾಕೆ ಸತ್ಲು ಅಂತ ಅವನೂ ನೋಡ್ಲಿ."

ಬೆಟ್ಟಯ್ಯ ಚಿಕ್ಕಮಾದಮ್ಮನ ಗಂಡ. ಫೋನಿಟ್ಟ ಮೇಲೂ ವನಿತಾಳಿಗೆ ತಿರುಗಿ ನೋಡಲು ಮನಸ್ಸು ಬರಲಿಲ್ಲ.

ಮಾತು ಹಿಂದಿನಿಂದಲೇ ಬಂತು. "ರಸಬಾಳೆ ನೋಡ್ದೆಯಾ?"

"ನೋಡ್ದೆ ಸಾರ್."

"ನಂದೇ."

ಅವಳು ಕುರ್ಚಿ ತಿರುಗಿಸಿದಳು. ಮಹಾದೇವಸ್ವಾಮಿ ಕಡಲೆಕಾಯಿಯ ಪೊಟ್ಟಣವನ್ನು ಕಿಟಕಿಯ ಮೇಲಿಟ್ಟು, ಕೈ ಒರೆಸಿಕೊಳ್ಳುತ್ತಿದ್ದರು.

"ಯಾಕೆ ಸಾರ್ ಮಾಡಿದ್ರಿ?"

"ಆಯುಧಪೂಜೆಗೆ."

"ಆಯುಧಪೂಜೆಗಾ?" ಎಂದಳು ವನಿತಾ.

"ಆವತ್ತು ಎಲ್ಲಾ ಉಪಕರಣಕ್ಕೂ ವಿಶ್ರಾಂತಿ ಕೊಡ್ಬೇಕಲ್ವಾ. ಟ್ರ್ಯಾಕ್ಟರ್ ತೊಳೆದು ನಿಲ್ಲಿಸ್ತಾರೆ, ಪಂಪ್‌ಸೆಟ್ಟಿಗೆ ಹೂ ಮುಡಿಸ್ತಾರೆ. ನಮ್ಮ ಹುಡುಗ್ರು ಸೇತುವೆ ಕೆಳಗೆ ಇಳಿದು ಅಳತೆಯಂತ್ರ ಬಿಚ್ಚಿ, ತೊಳೆದು, ವಿಭೂತಿ ಹಚ್ಚಿ ಇಲ್ಲಿ ಮಣೆ ಮೇಲೆ ಇಟ್ರು. ಕಂಪ್ಯೂಟರಿಗೆ ಚೆಂಡುಹೂವಿನ ಹಾರ. ಒಕ್ಕೂಟದವ್ರೆಲ್ಲ ಬರೋರಿದ್ರು. ಯಂತ್ರ ಮಣೆ ಮೇಲಿದ್ರೆ 'ಮಟ್ಟ' ಅಂತ ಕೇಳ್ದಾಗೆಲ್ಲ ಸಂಪರ್ಕ ಇಲ್ಲ, ಸಂಪರ್ಕ ಇಲ್ಲ ಅಂತ ಕಿರುಚುತ್ತೆ. ಹಬ್ಬದ ದಿನ ಯಾಕೆ ಅಪಶಕುನದ ಮಾತು ಅಂತ..." ಅವರು ನಿಲ್ಲಿಸಿದರು. "ಒಂದೇ ದಿನಕ್ಕೆ ಅಂತ ಬರ್ದೆ. ಆಕಾಶ ತಿಳಿಯಾಗಿತ್ತು ವನಿತಾ. ಹೊಳೆ ಎಷ್ಟು ಕೆಳಗಿತ್ತು ಅಂದ್ರೆ ಮಕ್ಕಳು ಬಂಡೆ ಮೇಲೆ ಓಡಾಡ್ತಿದ್ರು."

ಒಂದು ದಿನದ ಶಾಂತಿಗಾಗಿ ಮೇಸ್ತ್ರಿಯ ಕಿವಿಯಲ್ಲಿ ಊದಿದ ಒಂದು ಒಳ್ಳೆಯ ಸುಳ್ಳು. ಇದನ್ನು ಬೇರೆ ಯಾವ ದೇಶದ ಎಂಜಿನಿಯರನೂ ಬರೆಯುತ್ತಿರಲಿಲ್ಲ. ನಮ್ಮವರು ಬರೆಯುತ್ತಾರೆ. ಅದರಲ್ಲಿ ಮೋಸವಿಲ್ಲ, ಭಕ್ತಿಯಿದೆ.

"ಮಾರನೇ ದಿನ ತೆಗೀಲಿಲ್ವಾ?"

"ತೆಗ್ದೆ!" ಅವರ ದನಿ ಏರಿತು. "ನನ್ನ ಕೈಯಾರೆ ತೆಗ್ದೆ ಕಣಮ್ಮಾ. ಯಂತ್ರ ವಾಪಸ್ ಕಟ್ಟಿಸ್ದೆ, ಸೆಟ್ಟಿಂಗ್ಸ್ ಫೈಲ್ ತೆಗೆದು ಆ ಸಾಲುಗಳನ್ನೆಲ್ಲ ಅಳಿಸ್ದೆ. ನೋಡು ಬೇಕಾದ್ರೆ."

ಅವಳು ನೋಡಿದಳು. ಅವರು ಹೇಳಿದ್ದು ನಿಜ. ಫೈಲಿನಲ್ಲಿ ಅದರ ಸುಳಿವೂ ಇರಲಿಲ್ಲ, ಬದಲಾಯಿಸಿದ ದಿನ ವಿಜಯದಶಮಿ ಎಂದೇ ತೋರಿಸುತ್ತಿತ್ತು. ಹೊಸ ವಿಂಡೋ ಸತ್ಯ ಹೇಳಿದ್ದೂ ಅದಕ್ಕೇ.

ಹಾಗಾದರೆ ಹಳೆಯ ವಿಂಡೋ?

ಕಾರಣ ಹೊಳೆದಾಗ ವನಿತಾ ಕಣ್ಣು ಮುಚ್ಚಿಕೊಂಡಳು. ಶೆಲ್ ತನ್ನ ಸೆಟ್ಟಿಂಗ್ಸ್ ಓದುವುದು ಎದ್ದು ಕೂರುವಾಗ ಮಾತ್ರ. ಒಮ್ಮೆ ಓದಿದ್ದನ್ನು ತಾನು ಮುಚ್ಚುವವರೆಗೂ ತಲೆಯಲ್ಲಿ ಇಟ್ಟುಕೊಂಡಿರುತ್ತದೆ. ಆಮೇಲೆ ಫೈಲಿನಲ್ಲಿ ನೀವು ಏನೇ ಅಳಿಸಿ, ಅದಕ್ಕೆ ಗೊತ್ತಾಗುವುದಿಲ್ಲ. ಈ ಕೇಂದ್ರದಲ್ಲಿ ವಿಂಡೋ ಮುಚ್ಚುವ ಪದ್ಧತಿಯೇ ಇರಲಿಲ್ಲ. ಪಾಳಿ ಮುಗಿಸಿದವನು ಎದ್ದ, ಬಂದವನು ಅದೇ ಬಿಸಿ ಕುರ್ಚಿಯಲ್ಲಿ ಕೂತ. ಪಾಸ್‌ವರ್ಡ್ ಕೂಡ ಎಲ್ಲರಿಗೂ ಒಂದೇ. ಹಬ್ಬದ ದಿನ ಹಾರದ ಹಿಂದೆ ತೆರೆದ ವಿಂಡೋ ಹಬ್ಬ ಕಳೆದರೂ ಹಬ್ಬದಲ್ಲೇ ಇತ್ತು. ಆ ವಾರವೇ ವಯನಾಡಿನ ಕಡೆ ಮಳೆ ಸುರಿಯಿತು, ಕಪಿಲೆ ಏರಿತು, ಪರದೆ ಸಾಮಾನ್ಯ ಸಾಮಾನ್ಯ ಎನ್ನುತ್ತಲೇ ಹೋಯಿತು. ಪೊಲೀಸರು ಬೀಗ ಜಡಿದಾಗಲೂ ಯಾರೂ ಕಂಪ್ಯೂಟರ್ ಆರಿಸಲಿಲ್ಲವಾದ್ದರಿಂದ ಆ ಸುಳ್ಳು ಇನ್ನೂ ಜೀವಂತವಾಗಿತ್ತು.

"ಬದಲಾಯಿಸಿದ ಮೇಲೆ ಹೊಸ ಶೆಲ್ ತೆಗ್ದು ನೋಡ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ರಿ ಸಾರ್."

"ಹೇಳ್ಕೊಟ್ಟಿದ್ದೆ" ಎಂದರು ಅವರು. ಅವರ ಕನ್ನಡಕ ಮಂಜಾಗಿತ್ತು. "ಊರಿಗೆಲ್ಲ ಹೇಳ್ಕೊಟ್ಟೆ."

ವನಿತಾ ಎದ್ದು ಹೋಗಿ ಅವರ ಎದುರಿನ ಸ್ಟೂಲಿನಲ್ಲಿ ಕೂತಳು. ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಯ್ಯೋ ಅನ್ನಿಸಿತು.

"ಇದು ಕೈತಪ್ಪು ಸಾರ್. ಬೇಕು ಅಂತ ಮಾಡಿದ್ದಲ್ಲ. ಮಹೇಂದ್ರ ಬಂದ ತಕ್ಷಣ ನೀವೇ ಹೇಳ್ಬಿಡಿ. ನಿಮ್ಮ ಬಾಯಿಂದ ಬಂದ್ರೆ ಬೆಟ್ಟಯ್ಯ ಕೂಡ ಇವತ್ತಲ್ಲ ನಾಳೆ ಕ್ಷಮಿಸ್ತಾನೆ. ಶಿವು ಸಂಜೆಗೆ ಮನೆಗೆ ಹೋಗ್ತಾನೆ. ಆಗದೇ ಇದ್ರೆ ನಾಳೆ ಕೋರ್ಟು, ಆಮೇಲೆ ಜೈಲು. ಅವನಿಗಿನ್ನೂ ಚಿಕ್ಕ ವಯಸ್ಸು."

"ಹೇಳ್ತೀನಿ."

"ಖಂಡಿತ?"

"ಹೇಳ್ತೀನಿ ಅಂದ್ನಲ್ಲಮ್ಮ. ಇನ್ನೆಷ್ಟು ದಿನ ಹೊತ್ಕೊಂಡು ತಿರುಗ್ಲಿ?"

ಆ ಮಾತು ಕಿವಿಗೆ ಬಿದ್ದಿತು, ತಲೆಗೆ ಹೋಗಲಿಲ್ಲ. ಮನಸ್ಸು ಹಗುರವಾಗಿತ್ತು ನೋಡಿ, ಹಗುರವಾದಾಗ ಎಂಥ ಪತ್ತೇದಾರಿಣಿಯೂ ಅರೆಗಿವುಡಿಯಾಗುತ್ತಾಳೆ.

ಮಹಜರಿಗೆ ಅನುಕೂಲವಾಗಲೆಂದು ಅವಳು ಮತ್ತೆ ಪರದೆಯ ಮುಂದೆ ಕೂತಳು. ಈ ವಿಂಡೋದಲ್ಲಿ ಹಬ್ಬದಿಂದ ಈಚೆಗೆ ಯಾರು ಯಾವಾಗ ಏನು ಟೈಪ್ ಮಾಡಿದ್ದಾರೆಂದು ತೋರಿಸಲು 'ಹಿಸ್ಟರಿ' ಎಂದು ಕೇಳಿದಳು. ಉದ್ದಕ್ಕೂ 'ಮಟ್ಟ', 'ಮಟ್ಟ', 'ಮಟ್ಟ'. ಪಾಪದ ಪಾಳಿಯವರು ಗಂಟೆಗಂಟೆಗೂ ಕೇಳಿ ಸಮಾಧಾನಪಟ್ಟುಕೊಂಡಿದ್ದರು. ಕೊನೆಯಲ್ಲಿ ಇವತ್ತು ಅವಳೇ ಕೇಳಿದ ಪ್ರಶ್ನೆ, 'ಟೈಪ್', ಗೆರೆ, 'ಎ', 'ಮಟ್ಟ'.

ಅದರ ಮೇಲೆ, ಸ್ವಲ್ಪ ದೂರದಲ್ಲಿ, ಅದೇ ಪ್ರಶ್ನೆ ಇನ್ನೊಮ್ಮೆ ಇತ್ತು.

ವನಿತಾ ಪರದೆಗೆ ಮುಖ ತಂದು ಓದಿದಳು. ತಾರೀಕು ಹೊಳೆ ಏರಿದ ದಿನದ್ದು. ಹೊತ್ತು ಮುಸ್ಸಂಜೆಯದು. ಚಿಕ್ಕಮಾದಮ್ಮ ಇನ್ನೂ ಬದುಕಿದ್ದ ಸಂಜೆ. ಸಂದೇಶ ಕಳಿಸಿದ್ದರೆ ಎಮ್ಮೆಯನ್ನು ಅವತ್ತೇ ಮನೆಗೆ ತಂದು ಕಟ್ಟಿರುತ್ತಿದ್ದ ಸಂಜೆ.

ಕುರ್ಚಿಯಲ್ಲಿ ಆಗ ಕೂತಿದ್ದವನು ಶಿವು. ಕಿಟಕಿಯಾಚೆ ಹೊಳೆ ಕೆಂಪಗೆ ಉಬ್ಬುವುದನ್ನು ನೋಡಿದ್ದಾನೆ, ಪರದೆ ಸಾಮಾನ್ಯ ಎನ್ನುವುದನ್ನು ನೋಡಿದ್ದಾನೆ. ಪರದೆಯನ್ನು ನಂಬದೆ, ಗುರುಗಳು ಕಲಿಸಿದ ಹಾಗೆ, ಉತ್ತರ ಕೊಡುತ್ತಿರುವವರು ಯಾರು ಎಂದು ಕೇಳಿದ್ದಾನೆ. ರಸಬಾಳೆ ಎಂಬ ಹೆಸರನ್ನು ಅವನೂ ಓದಿದ್ದಾನೆ.

ಓದಿದವನು ಸುಮ್ಮನೆ ಕೂತನೇ? ಯಾರಿಗೂ ಹೇಳಲಿಲ್ಲವೇ?

"ಸಾರ್" ಎಂದಳು ವನಿತಾ. "ಆವತ್ತು ಸಂಜೆ ಶಿವು ನಿಮಗೆ ಫೋನ್ ಮಾಡಿದ್ನಾ?"

ಅವರು ಕಿಟಕಿಯ ಕಡೆ ನೋಡುತ್ತಿದ್ದರು.

"ಮಾಡಿದ್ದ. ಕೇಂದ್ರದ ಲ್ಯಾಂಡ್‌ಲೈನಿಂದ. ಪೊಲೀಸ್ನೋರು ಅವನ ಮೊಬೈಲ್ ಮಾತ್ರ ನೋಡಿದ್ದು."

"ನೀವು ಎತ್ತಲಿಲ್ಲ, ಅಲ್ವಾ?" ಅವಳಿಗೆ ಆ ಉತ್ತರ ಬೇಕಾಗಿತ್ತು. ಗದ್ದಲದಲ್ಲಿ ಕೇಳಿಸಲಿಲ್ಲ, ಚಾರ್ಜ್ ಇರಲಿಲ್ಲ, ಏನಾದರೂ ಒಂದು ನೆಪ ಬೇಕಾಗಿತ್ತು.

"ಎತ್ತಿದ್ದೆ."

ವನಿತಾ ಪರದೆಯಿಂದ ಕಣ್ಣು ತೆಗೆದು ಅವರತ್ತ ತಿರುಗಿದಳು.

"ನರಸೀಪುರದ ಕಲ್ಯಾಣ ಮಂಟಪದಲ್ಲಿದ್ದೆ. ಒಕ್ಕೂಟದವ್ರು ನನಗೆ ಸನ್ಮಾನ ಇಟ್ಕೊಂಡಿದ್ರು. ಈ ಕೇಂದ್ರ ಕಟ್ಟಿದ್ದಕ್ಕೆ." ಅವರು ಒಂದೊಂದೇ ಮಾತನ್ನು ಕೆಳಗಿಡುತ್ತಾ ಹೋದರು. "ಶಾಲು ಹೊದಿಸಿ ಆಗಿತ್ತು, ಪೇಟ ಇಟ್ಟಿದ್ರು. ವೇದಿಕೆ ಪಕ್ಕಕ್ಕೆ ಬಂದು ಮಾತಾಡ್ದೆ. 'ಸಾರ್, ನಿಮ್ಮ ಹಬ್ಬದ ಫಂಕ್ಷನ್ ಇನ್ನೂ ಇಲ್ಲೇ ಐತೆ, ಹೊಳೆ ಏರ್ತಾ ಐತೆ, ತೆಗ್ದು ಮೆಸೇಜ್ ಕಳಿಸ್ಬಿಡ್ಲಾ' ಅಂದ. ಕಳಿಸಿದ್ರೆ ಎಲ್ಲರ ಫೋನೂ ಅಲ್ಲೇ, ಆ ಮಂಟಪದಲ್ಲೇ ಬಡ್ಕೋತಿತ್ತು. ಇಷ್ಟು ತಡ ಯಾಕಾಯ್ತು ಅಂತ ಕೇಳೋರು. ನಾನು ಪೇಟ ಇಟ್ಕೊಂಡು ಏನ್ ಹೇಳ್ಲಿ?"

"ಶಿವುಗೆ ಏನಂದ್ರಿ?"

"ಮುಟ್ಬೇಡ ಅಂದೆ. ಹೊಳೆ ಅಷ್ಟೇನೂ ಏರಲ್ಲ, ಊಟ ಮುಗಿಸ್ಕೊಂಡು ನಾನೇ ಬಂದು ನೋಡ್ತೀನಿ, ಅಲ್ಲೀವರ್ಗೂ ಏನೂ ಕಳಿಸ್ಬೇಡ ಅಂದೆ." ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಊಟ ತಡ ಆಯ್ತು. ಬಸ್ ಹೋಗಿತ್ತು. ಬೆಳಿಗ್ಗೆ ಹೋದ್ರಾಯ್ತು ಅಂತ ಮಲಗ್ದೆ ಕಣಮ್ಮ. ಮಲಗಿದ್ದು ಅವನಲ್ಲ, ನಾನು."

ಶಿವು ರಾತ್ರಿಯಿಡೀ ಗುರುಗಳ ದಾರಿ ನೋಡುತ್ತಾ ಕೂತಿದ್ದ. ಬೆಳಗಾದ ಮೇಲೆ ಸಂದೇಶ ಕಳಿಸುವ ಮೊದಲೇ ಹೆಮ್ಮಿಗೆಯಿಂದ ಸುದ್ದಿ ಬಂದಿತ್ತು. ಠಾಣೆಯಲ್ಲಿ 'ತಪ್ಪು ನಂದೇ ಸಾ' ಎಂದು ಅವನು ಹೇಳುತ್ತಿದ್ದುದು ಯಾರನ್ನು ಉಳಿಸಲು ಎಂದು ಈಗ ಗೊತ್ತಾಯಿತು. ವನಿತಾಳಿಗೆ ಅಳು ಬಂತು. ಯಾರಿಗಾಗಿ ಎಂದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ.

ಕೆಳಗೆ ಜೀಪಿನ ಹಾರ್ನ್ ಕೇಳಿಸಿತು. ಮೆಟ್ಟಿಲ ಬುಡದ ಗ್ರಿಲ್ಲಿಗೆ ಒಳಗಿನಿಂದ ಬೀಗ ಹಾಕಿದ್ದಳು, ಕೀ ಅವಳ ಹತ್ತಿರವಿತ್ತು.

ಅವಳು ಎದ್ದವಳು ನಿಂತಳು. ಪರದೆಯ ಮೇಲೆ ಶಿವುವಿನ ಸಾಲು ಹಾಗೇ ಇತ್ತು. ಅದರ ಫೋಟೋ ತೆಗೆದಿರಲಿಲ್ಲ. ತೆಗೆಯಲು ಮೊಬೈಲ್ ಎತ್ತಿದಳು, ಆದರೆ ಎದುರಿಗೆ ಮುಖ ಮುಚ್ಚಿಕೊಂಡು ಕೂತ ಆ ಮನುಷ್ಯನ ಮುಂದೆ ಅದು ಅವಮಾನ ಮಾಡಿದಂತೆ ಅನ್ನಿಸಿತು. ಹಾರ್ನ್ ಇನ್ನೊಮ್ಮೆ ಕೂಗಿತು.

"ಹೋಗು, ತೆಗಿ" ಎಂದರು ಮಹಾದೇವಸ್ವಾಮಿ. "ನಾನೆಲ್ಲಿ ಓಡಿ ಹೋಗ್ತೀನಿ ಈ ವಯಸ್ಸಲ್ಲಿ?"

ಅವಳು ಮೆಟ್ಟಿಲಿಳಿದಳು.

ಗ್ರಿಲ್ ತೆಗೆದಾಗ ಮಹೇಂದ್ರ, ಅವನ ಹಿಂದೆ ಇಬ್ಬರು ಪಂಚರು, ಎಲ್ಲರ ಹಿಂದೆ ಬೆಟ್ಟಯ್ಯ. ಎತ್ತರದ ಆಳು, ಹೆಗಲ ಮೇಲೆ ಹಸಿರು ಟವೆಲ್, ಕೆಲವೇ ದಿನಗಳಲ್ಲಿ ಕುಗ್ಗಿಹೋಗಿದ್ದ. ಮೆಟ್ಟಿಲು ಹತ್ತುತ್ತಾ ಅವನು ವನಿತಾಳನ್ನು ಕೇಳಿದ, "ಅದೇನೋ ಕಂಪೂಟ್ರೇ ಸುಳ್ಳೇಳ್ತು ಅಂತಾವ್ರೆ ಸಾಯೇಬ್ರು. ದಿಟ್ವಾ ಅಕ್ಕಾ?"

"ದಿಟ ಬೆಟ್ಟಯ್ಯ. ಬನ್ನಿ, ನೀವೇ ನೋಡಿ."

ಅವಳು ಬಾಗಿಲು ತಳ್ಳಿದಳು.

ಮಹಾದೇವಸ್ವಾಮಿ ಕಿಟಕಿಯ ಪಕ್ಕದ ಅದೇ ಕುರ್ಚಿಯಲ್ಲಿದ್ದರು. ಪರದೆಯ ಮೇಲೆ ಒಂದೇ ಒಂದು ವಿಂಡೋ ಇತ್ತು, ಅವಳು ಇವತ್ತು ತೆರೆದ ಹೊಸದು. ಹಳೆಯದು ಇರಲಿಲ್ಲ.

ವನಿತಾ ಓಡಿ ಹೋಗಿ ಕುರ್ಚಿಯಲ್ಲಿ ಕೂತಳು. ಹಿಸ್ಟರಿಯ ಕಡತ ತೆಗೆಸಿದಳು. ಮಾಮೂಲಿಯಾಗಿ ಮುಚ್ಚಿದ್ದರೆ ಶೆಲ್ ಹೋಗುವ ಮುನ್ನ ತನ್ನ ನೆನಪನ್ನೆಲ್ಲ ಆ ಕಡತಕ್ಕೆ ಬರೆದು ಹೋಗುತ್ತದೆ. ಕಡತ ಆಯುಧಪೂಜೆಯ ಹಿಂದಿನ ದಿನಕ್ಕೇ ನಿಂತಿತ್ತು. ಬರೆಯಲೂ ಬಿಡದೆ ಶೆಲ್ಲನ್ನು ಕೊಲ್ಲುವ ಒಂದು ಆಜ್ಞೆಯಿದೆ. ಅದು ಗೊತ್ತಿದ್ದವರು ಈ ಕೋಣೆಯಲ್ಲಿ ಇಬ್ಬರು. ಒಬ್ಬರು ಕಲಿಸಿದವರು, ಇನ್ನೊಬ್ಬಳು ಕಲಿತವಳು.

"ಎಲ್ಲಿ ಮೇಡಂ?" ಎಂದ ಮಹೇಂದ್ರ.

ಅವಳು ಕೇಬಲ್ ಕಿತ್ತ ಕಂಪ್ಯೂಟರಿಗೆ 'ಮಟ್ಟ' ಎಂದಳು. ಸಂಪರ್ಕವಿಲ್ಲ ಎಂದಿತು. ಪಂಚರಲ್ಲಿ ಒಬ್ಬ ಕೆಮ್ಮಿದ.

"ಸರಿಯಾಗೇ ಹೇಳ್ತಾ ಇದೆಯಲ್ಲ?" ಮಹೇಂದ್ರನ ಕಣ್ಣು ಕೀಬೋರ್ಡಿನಿಂದ ವನಿತಾಳ ಕೈಗೆ, ಕೈಯಿಂದ ಅವಳ ಮುಖಕ್ಕೆ ಬಂತು. "ಇದನ್ನ ನೀವು ಬಿಟ್ಟು ಬೇರೆ ಯಾರಾದ್ರೂ ಮುಟ್ಟಿದ್ರಾ?"

ವನಿತಾ ಮಹಾದೇವಸ್ವಾಮಿಯವರನ್ನು ನೋಡಿದಳು. ಈಗಲೂ ಹೇಳಬಹುದು ಸಾರ್. ಈಗಲೂ ಹೊತ್ತು ಮೀರಿಲ್ಲ. ಅವಳ ನೋಟ ಅಷ್ಟನ್ನೂ ಕೂಗಿ ಹೇಳಿತು.

ಅವರು ಬಾಯಿ ತೆರೆಯುವ ಮೊದಲೇ ಬೆಟ್ಟಯ್ಯ ಹೋಗಿ ಅವರ ಮುಂದೆ ನಿಂತಿದ್ದ. ಟವೆಲನ್ನು ಹೆಗಲಿನಿಂದ ಇಳಿಸಿ, ಬಗ್ಗಿ ಅವರ ಕಾಲು ಮುಟ್ಟಿದ.

"ನೀವು ಇಲ್ಲೇ ಇದ್ದೀರಾ ಸಾ? ಮಣ್ಣಿಗೆ ಬಂದು ನಮ್ಮ ಐಕ್ಳುನ್ನ ತಬ್ಕೊಂಡು ಅತ್ತೋರು ನೀವೊಬ್ರೇ. ಪೊಲೀಸ್ನೋರು ಒಂದೇಳ್ತಾರೆ, ಈ ಅಕ್ಕ ಒಂದೇಳ್ತಾರೆ, ನಂಗೇನ್ ಗೊತ್ತಾಯ್ತದೆ? ನಿಮ್ಮ ಮಾತು ನಾನು ನಂಬ್ತೀನಿ. ನೀವಾರ ಹೇಳಿ ಸಾ, ಆ ಶಿವು ಅವತ್ತು ಮಲಗಿದ್ನಾ, ಇಲ್ವಾ?"

ಮಹಾದೇವಸ್ವಾಮಿ ಬಗ್ಗಿ ಬೆಟ್ಟಯ್ಯನ ಹೆಗಲು ಹಿಡಿದು ಮೇಲೆತ್ತಿದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದು ನಾಟಕವಾಗಿರಲಿಲ್ಲ.

"ಮಲಗಿದ್ದ ಕಣಪ್ಪಾ" ಎಂದರು.